ಪುಟ್ಟಸ್ವಾಮಿಯ ಗರಿಕೆ ಚೀಲ

ತಹಶೀಲ್ದಾರರು ಚಾರ್ಜು ವಹಿಸಿಕೊಡುವ ಗತ್ತಿನಲ್ಲಿ ಶೋಭಿತಾ ತನ್ನ ಮೊಲವನ್ನು ಮಂಜುಶ್ರೀಗೆ ಒಪ್ಪಿಸಿದಳು. ಒಂದು ಬಿದಿರು ಬುಟ್ಟಿ, ಒಂದು ನೀರಿನ ಬಟ್ಟಲು, ಅಕ್ಕಿ ಚೀಲದ ತುಂಬ ಒಣಗಿಸಿದ ಗರಿಕೆ, ಜೊತೆಗೆ ನೋಟುಬುಕ್ಕಿನಿಂದ ಹರಿದ ಒಂದು ಹಾಳೆ. ಗರಿಕೆಯನ್ನು ಅವಳೇ ಭಾನುವಾರ ಭಾನುವಾರ ಗದ್ದೆ ಬದುವಿನಲ್ಲಿ ಕಿತ್ತು, ತಾರಸಿಯ ಮೇಲೆ ಹರವಿ ಒಣಗಿಸಿದ್ದಳು. ಆರನೇ ಕ್ಲಾಸಿನ ಹುಡುಗಿ, ಶಾಲೆಯಿಂದ ಮೂರು ದಿನದ ಪ್ರವಾಸಕ್ಕೆ ಹೊರಟಿದ್ದಳು.

"ಇಲ್ನೋಡಿ, ಇದ್ರಲ್ಲಿ ಎಲ್ಲಾ ಬರ್ದಿವ್ನಿ. ಅಂಗೇ ಮಾಡ್ಬೇಕು" ಅಂದಳು. ಮಂಜುಶ್ರೀಯನ್ನು ಅವಳು ಕರೆಯುತ್ತಿದ್ದುದೇ ಹಾಗೆ. ಅಮ್ಮ ಅನ್ನಲಿಲ್ಲ, ಚಿಕ್ಕವ್ವ ಅನ್ನಲಿಲ್ಲ, ಎಂಟು ತಿಂಗಳಿಂದ ಬರೀ ಇಲ್ನೋಡಿ.

ಮಂಜುಶ್ರೀ ಹಾಳೆ ಓದಿದಳು. ಗರಿಕೆ ಯಾವಾಗಲೂ ಬುಟ್ಟಿಯಲ್ಲಿ ಇರಬೇಕು. ಸೊಪ್ಪು ಬೆಳಿಗ್ಗೆ ಒಂದು ಹಿಡಿ, ಸಾಯಂಕಾಲ ಒಂದು ಹಿಡಿ. ಕ್ಯಾರೆಟ್ಟು ಹೆಬ್ಬೆರಳಷ್ಟು. ಬಾಳೆಹಣ್ಣು, ಬೆಲ್ಲ, ಬಿಸ್ಕತ್ತು ಕೊಡಬಾರದು. ನೀರು ದಿನಾ ಬದಲಾಯಿಸಬೇಕು. ಓದಿ ನಕ್ಕು, ಕಳೆದುಹೋಗದಿರಲಿ ಎಂದು ಹಾಳೆಯನ್ನು ಕ್ಯಾಲೆಂಡರಿನ ಮೊಳೆಗೆ ಚುಚ್ಚಿದಳು. ಹಾಳೆಯ ಬೆನ್ನು ಗೋಡೆಯ ಕಡೆಗಿತ್ತು.

ಮೊಲದ ಹೆಸರು ಪುಟ್ಟಸ್ವಾಮಿ. ಹಾಗೆ ಹೆಸರಿಟ್ಟವಳು ಶಶಿರೇಖಾ, ಶೋಭಿತಾಳ ಹೆತ್ತ ತಾಯಿ. ನಾಲ್ಕು ವರ್ಷದ ಹಿಂದೆ ಮಳವಳ್ಳಿಯಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದಳಂತೆ. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಹಲಗೂರಿನ ಈ ಮನೆಯಲ್ಲಿ ಅವಳ ಸೀರೆಗಳನ್ನು ಕೊಟ್ಟುಬಿಟ್ಟಿದ್ದರು, ಮಂಚ ಬದಲಾಯಿಸಿದ್ದರು, ಉಸಿರಾಡುತ್ತ ಉಳಿದಿದ್ದು ಈ ಪುಟ್ಟಸ್ವಾಮಿ ಒಬ್ಬನೇ.

ಇದು ಗೊತ್ತಿದ್ದರಿಂದಲೇ ಮಂಜುಶ್ರೀ ಆ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗಿಟ್ಟಳು. ಸಿದ್ದೇಶನ ಎರಡನೇ ಹೆಂಡತಿಯಾಗಿ ಪೂರಿಗಾಲಿಯಿಂದ ಬಂದ ದಿನದಿಂದ ಅವಳಿಗೆ ಒಂದೇ ಹೆದರಿಕೆ, ಮಲತಾಯಿ ಎನ್ನುವ ಮಾತಿನದು. ಇನ್ನೂ ಯಾರೂ ಅವಳ ಮುಖದ ಮೇಲೆ ಅಂದಿರಲಿಲ್ಲ. ಹಲಗೂರಿನವರು ಬಾಯಿಗೆ ಬಂದದ್ದನ್ನು ನುಂಗುವ ಜನವಲ್ಲ, ಅಂದಿಲ್ಲವೆಂದರೆ ಸಮಯ ಕಾಯುತ್ತಿದ್ದಾರೆ ಎಂದೇ ಅವಳ ಲೆಕ್ಕ. ಅದಕ್ಕೇ ಹುಡುಗಿಯ ತಟ್ಟೆಗೆ ಕೇಳದೆಯೇ ತುಪ್ಪ ಬೀಳುತ್ತಿತ್ತು, ತಪ್ಪು ಮಾಡಿದರೂ ಬೈಗುಳ ಬೀಳುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಾಳೆಯಲ್ಲಿದ್ದ ಹಾಗೇ ಗರಿಕೆ ಹಾಕುತ್ತಿದ್ದಳು. ಪಕ್ಕದ ಮನೆ ಬೆಟ್ಟಮ್ಮ ಬೇಲಿಯಿಂದ ಇಣುಕಿದಳು.

"ಏನಮ್ಮಿ, ಒಣ ಉಲ್ಲು ಆಕ್ತಿದ್ದಿಯಾ ಅದ್ಕೆ? ಮನೆ ಇಂದುಗಡೆ ಅಷ್ಟೊಂದು ರೇಸ್ಮೆ ಸೊಪ್ಪು ಇಟ್ಕಂಡು?"

"ಮಗೂನೇ ಬರೆದಿಟ್ಟು ಓಯ್ತು ಕಣಕ್ಕ."

"ಮಗು ಬರೀತದೆ. ನೋಡೋರು ಏನಂದಾರು? ಅವ್ಳಿದ್ದಾಗ ಮಗೀನಂಗೆ ನೋಡ್ಕತಿದ್ಲು ಅದ್ನ."

ಬೆಟ್ಟಮ್ಮ ಕೆಟ್ಟವಳಲ್ಲ, ಬಾಯಿ ಅಷ್ಟೇ. ಆದರೆ ನೋಡುವವರು ಏನಂದಾರು ಎಂಬ ಮಾತು ಮಂಜುಶ್ರೀಯ ಎದೆಗೆ ನಾಟಿತು. ಗರಿಕೆಯನ್ನು ಎತ್ತಿ ಮತ್ತೆ ಚೀಲಕ್ಕೆ ತುರುಕಿ, ತೋಟಕ್ಕೆ ಹೋಗಿ ಹಿಪ್ಪುನೇರಳೆಯ ಎಳೆ ಚಿಗುರನ್ನೇ ಒಂದು ಮಡಿಲು ತಂದು ಸುರಿದಳು. ಪುಟ್ಟಸ್ವಾಮಿ ಕಿವಿ ಹಿಂದಕ್ಕೆ ಮಡಚಿ ಕುರುಕುರು ಮೆದ್ದ. ಮಧ್ಯಾಹ್ನ ಒಂದು ಬಾಳೆಹಣ್ಣು, ಸಂಜೆಗೆ ಬೆಲ್ಲದ ಚೂರು. ಶನಿವಾರ ಬೆಳಿಗ್ಗೆಯೂ ಅದೇ ಉಪಚಾರ. ಅಷ್ಟು ಆಸೆಯಿಂದ ತಿನ್ನುವುದನ್ನು ನೋಡಿ ಅವಳಿಗೆ ಕಣ್ಣು ತುಂಬಿತು. ಈ ಮನೆಯಲ್ಲಿ ಅವಳ ಕೈಯದನ್ನು ಇಷ್ಟಪಟ್ಟು ತಿಂದ ಮೊದಲನೇ ಜೀವ ಅದು.

ಶನಿವಾರ ಸಂಜೆ ಪುಟ್ಟಸ್ವಾಮಿ ಸೊಪ್ಪಿನ ಕಡೆ ತಿರುಗಿ ನೋಡಲಿಲ್ಲ. ಮೈ ಮುದುರಿ, ಕಣ್ಣು ಅರ್ಧ ಮುಚ್ಚಿ ಮೂಲೆಯಲ್ಲಿ ಕೂತ.

ಬೇರೆ ಯಾರಾದರೂ ಆಗಿದ್ದರೆ ಆಗಲೇ ಗಾಬರಿಯಾಗುತ್ತಿದ್ದರೋ ಏನೋ. ಮಂಜುಶ್ರೀ ಹುಟ್ಟಿದ್ದು ರೇಷ್ಮೆ ಹುಳುವಿನ ಮನೆಯಲ್ಲಿ. ಹುಳು ತನ್ನ ಬಾಳಿನಲ್ಲಿ ನಾಲ್ಕು ಸಲ ಊಟ ಬಿಡುತ್ತದೆ. ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ, ಹಳೇ ಚರ್ಮ ಬಿಡುವವರೆಗೆ. ಅದಕ್ಕೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಸದ್ದು ಮಾಡಬಾರದು. ತಾನಾಗಿ ಏಳುತ್ತದೆ, ಎದ್ದ ಮೇಲೆ ಮೊದಲಿಗಿಂತ ಹೆಚ್ಚು ತಿನ್ನುತ್ತದೆ. ಏಳು ವರ್ಷದವಳಿದ್ದಾಗಿನಿಂದ ಅವಳು ಕಲಿತ ವಿದ್ಯೆ ಇದು, ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅವಳು ಸೊಪ್ಪನ್ನೆಲ್ಲ ತೆಗೆದು, ಬುಟ್ಟಿಯ ಮೇಲೆ ತೆಳು ಬಟ್ಟೆ ಹೊದಿಸಿ, ಕಾಲು ಸಪ್ಪಳ ಮಾಡದೆ ಈಚೆಗೆ ಬಂದಳು. ಬುಟ್ಟಿಯಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಚೊಕ್ಕಟವಾಗಿದೆ ಎಂದು ಖುಷಿಯಾದಳು.

ಭಾನುವಾರ ಬೆಳಿಗ್ಗೆ ಬಟ್ಟೆ ಸರಿಸಿದಾಗ ಪುಟ್ಟಸ್ವಾಮಿ ಅದೇ ಮೂಲೆಯಲ್ಲಿ, ಅದೇ ಭಂಗಿಯಲ್ಲಿ ಕೂತಿದ್ದ. ನೀರು ಇಟ್ಟಷ್ಟೇ ಇತ್ತು. ಹತ್ತಿರ ಬಾಗಿದಾಗ ಸಣ್ಣದೊಂದು ಸದ್ದು ಕೇಳಿಸಿತು, ಕಟಕಟ ಹಲ್ಲು ಕಡಿಯುವ ಸದ್ದು. ಕಿವಿ ಮುಟ್ಟಿದಳು. ತಣ್ಣಗಿತ್ತು.

ಹುಳು ಹಲ್ಲು ಕಡಿಯುವುದಿಲ್ಲ. ಮಂಜುಶ್ರೀ ಬಟ್ಟೆಯನ್ನು ಅಲ್ಲೇ ಬಿಟ್ಟಳು. ಓಡಿಹೋಗಿ ಕ್ಯಾಲೆಂಡರಿನ ಮೊಳೆಯಿಂದ ಹಾಳೆ ಕಿತ್ತಳು. ಮೊದಲ ಸಾಲಿನಿಂದ ಕೊನೆಯವರೆಗೆ ಓದಿ ಹಾಳೆ ಮಗುಚಿದಳು. ಹಿಂದೆಯೂ ಬರೆದಿತ್ತು.

"ಅದು ತಿನ್ನದೆ ಇದ್ದರೆ ಸುಮ್ಮನೆ ಬಿಡಬೇಡಿ. ಹಿಕ್ಕೆ ಹಾಕದೆ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ." ಕೆಳಗೆ ಮಂಡ್ಯದ ಒಬ್ಬ ಡಾಕ್ಟರ ಫೋನ್ ನಂಬರು. ಸುಮ್ಮನೆ ಬಿಡಬೇಡಿ ಎನ್ನುವುದರ ಕೆಳಗೆ ಮೂರು ಗೆರೆ, ಪೆನ್ನು ಒತ್ತಿ ಎಳೆದದ್ದು.

ಸಿದ್ದೇಶ ಬಸ್ ಕಂಡಕ್ಟರು, ಆ ಹೊತ್ತಿಗೆ ಬೆಂಗಳೂರಿನ ರೂಟಿನಲ್ಲಿದ್ದ. ಅವಳು ಫೋನಿನಲ್ಲಿ ಅಳುತ್ತ ಹೇಳಿದ್ದನ್ನು ಕೇಳಿ, "ಏ, ಒಂದ್ ಮೊಲುಕ್ ಯಾಕಿಂಗಾಡಿಯೆ? ಓದ್ರೆ ಓಯ್ತು, ಇನ್ನೊಂದ್ ತಂದ್ರಾಯ್ತು" ಅಂದ. ಟಿಕೆಟ್ ಕೇಳಿದ ಯಾರಿಗೋ ತಡೆಯಪ್ಪ ಅಂದು ಮತ್ತೆ ಫೋನಿಗೆ ಬಂದ. "ಅಲ್ಲ, ಅದು ಸಸಿರೇಖ ತಂದದ್ದು. ಓಗು. ಬಿರ್ನೆ ಓಗು" ಎಂದು ಫೋನಿಟ್ಟ.

ಆ ನಂಬರಿಗೆ ಫೋನ್ ಮಾಡಿದಾಗ ಡಾಕ್ಟರು, ಭಾನುವಾರವಾದ್ದರಿಂದ ಮಧ್ಯಾಹ್ನ ಒಂದು ಗಂಟೆಯೊಳಗೆ ಬಂದರೆ ಮಾತ್ರ ನೋಡುವುದಾಗಿ ಹೇಳಿದ್ದರು. ಹಲಗೂರಿನಿಂದ ಮಳವಳ್ಳಿ, ಮಳವಳ್ಳಿಯಿಂದ ಇನ್ನೊಂದು ಬಸ್ಸು. ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಬಟ್ಟೆಯೊಳಗೆ ಕೈ ತೂರಿಸಿ ಕೂತಿದ್ದಳು. ಅಂಗೈ ಕೆಳಗೆ ಪಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅದು ನಿಂತೇ ಹೋಯಿತೆಂದು ಅವಳ ಉಸಿರೂ ನಿಲ್ಲುತ್ತಿತ್ತು.

ಪಕ್ಕದಲ್ಲಿ ಕೂತ ಮುದುಕ ಬಟ್ಟೆ ಎತ್ತಿ ನೋಡಿದ. "ಮೊಲ. ಸಾರ್ಗಾ?"

"ಅಲ್ಲ ಕಣಣ್ಣ, ಸಾಕಿರಾದು. ಉಸಾರಿಲ್ಲ."

"ಇವತ್ತೇ ಕುಯ್ಕಬುಡು. ಸತ್ ಮ್ಯಾಕೆ ರುಚಿ ಇರಾಕಿಲ್ಲ."

ಇನ್ನೊಂದು ದಿನವಾಗಿದ್ದರೆ ಅವನಿಗೆ ಸರಿಯಾಗಿ ಮಂಗಳಾರತಿ ಎತ್ತುತ್ತಿದ್ದಳು. ಇವತ್ತು ಬುಟ್ಟಿಯನ್ನು ಕಿಟಕಿ ಕಡೆಗೆ ಎಳೆದುಕೊಂಡಳು. ಸಂಜೆ ಆರೂವರೆಗೆ ಪ್ರವಾಸದ ಬಸ್ಸು ಶಾಲೆಯ ಮುಂದೆ ನಿಲ್ಲುತ್ತದೆ. ಹುಡುಗಿ ನೇರ ಬುಟ್ಟಿಗೇ ಬರುತ್ತಾಳೆ. ಖಾಲಿ ಬುಟ್ಟಿ ಮುಂದಿಟ್ಟುಕೊಂಡು ಏನು ಹೇಳುವುದು? ಬೆಟ್ಟಮ್ಮ ಬೀದಿಗೆಲ್ಲ ಏನು ಹೇಳುತ್ತಾಳೆ? ಅವ್ವನ್ನೂ ನುಂಗ್ಕಂಡು ಬಂದ್ಲು, ಅವ್ಳ ಮೊಲಾನೂ ನುಂಗಿದ್ಲು ಅನ್ನುತ್ತಾರೆ. ಶಶಿರೇಖಾ ಸತ್ತು ವರ್ಷ ಕಳೆದ ಮೇಲೆ ಬಂದವಳು ತಾನು ಎಂಬುದನ್ನು ಆಗ ಯಾರು ನೆನೆಸಿಕೊಳ್ಳುತ್ತಾರೆ?

ಮಂಡ್ಯದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಹೊಟ್ಟೆ ಒತ್ತಿ ನೋಡಿ, ಎಕ್ಸ್‌ರೇ ಫೋಟೋ ತೆಗೆಸಿ, ಎರಡು ಇಂಜೆಕ್ಷನ್ ಕೊಟ್ಟು, ಆಮೇಲೆ ಏನೇನು ತಿನ್ನಿಸಿದಿರಿ ಎಂದು ಕೇಳಿದರು. ಮಂಜುಶ್ರೀ ಒಂದೂ ಮುಚ್ಚಿಡಲಿಲ್ಲ.

"ನಮಗೆ ಮುದ್ದೆ ಹೆಂಗೋ ಇದಕ್ಕೆ ಒಣಹುಲ್ಲು ಹಂಗೆ. ಸೊಪ್ಪು ಅಂದ್ರೆ ನಂಜಿಕೊಳ್ಳೋಕೆ. ನೀವು ಎರಡು ದಿನ ಬರೀ ಹೋಳಿಗೆ ಉಣ್ಣಿಸಿದೀರ" ಅಂದರು ಡಾಕ್ಟರು. "ನಾರು ಸಿಗದೆ ಕರುಳು ನಿಂತಿದೆ, ಗಾಳಿ ತುಂಬಿದೆ. ಮೊಲ ಅರ್ಧ ದಿನ ತಿನ್ನಲಿಲ್ಲ ಅಂದ್ರೇನೇ ಅಪಾಯ. ನೀವು ರಾತ್ರಿಯೆಲ್ಲ ಹಂಗೇ ಬಿಟ್ಟಿದೀರ."

"ಉಳಿತದಾ ಮೇಡಂ?"

"ಒಳಗೆ ಏನೂ ಅಡ್ಡ ಸಿಕ್ಕಿಕೊಂಡಿಲ್ಲ. ಈ ಪುಡಿ ಕಲಸಿ ಸಿರಿಂಜಿನಲ್ಲಿ ಎರಡೆರಡು ಗಂಟೆಗೆ ಕುಡಿಸಿ. ಹುಲ್ಲು ಬಾಯಿ ಹತ್ರಾನೇ ಇಡಿ. ಇವತ್ತು ಹಿಕ್ಕೆ ಹಾಕ್ತು ಅಂದ್ರೆ ಉಳಿಯೋ ಹಂಗೆ. ಇಲ್ಲ ಅಂದ್ರೆ ನಾನು ಏನೂ ಹೇಳಕ್ಕಾಗಲ್ಲ."

ಮನೆಗೆ ಬಂದಾಗ ನಾಲ್ಕೂಮುಕ್ಕಾಲು. ಒಂದು ಸಿರಿಂಜು ಕುಡಿಸಿದಳು, ಅರ್ಧ ಗದ್ದದ ಮೇಲೇ ಸೋರಿತು. ಹಿಕ್ಕೆ ಇಲ್ಲ. ಐದೂವರೆಗೆ ನೋಡಿದಳು, ಇಲ್ಲ. ಆಗ ಅವಳ ಕಣ್ಣು ಗರಿಕೆಯ ಚೀಲದ ಮೇಲೆ ಬಿತ್ತು. ಕೊಟ್ಟಾಗ ಎಷ್ಟಿತ್ತೋ ಅಷ್ಟೇ ಇತ್ತು, ಬಾಯಿವರೆಗೆ. ಹುಡುಗಿ ಇದೊಂದನ್ನು ನೋಡಿದರೆ ಸಾಕು, ಬೇರೆ ಸಾಕ್ಷಿ ಬೇಡ. ಯೋಚಿಸುವಷ್ಟರಲ್ಲಿ ಚೀಲ ಕಂಕುಳಲ್ಲಿತ್ತು, ಅವಳು ಹಿತ್ತಲ ತಿಪ್ಪೆಯ ಮುಂದೆ ನಿಂತಿದ್ದಳು. ಅರ್ಧ ಸುರಿದರೆ ಮುಗಿಯಿತು. ತಿಂದಿತ್ತು, ಆಮೇಲೆ ಏನಾಯಿತೋ ಗೊತ್ತಾಗಲಿಲ್ಲ ಅನ್ನಬಹುದು. ಚೀಲ ಬಗ್ಗಿಸಿದಾಗ ಒಣಗಿದ ಗರಿಕೆಯ ವಾಸನೆ ಮೂಗಿಗೆ ಬಡಿಯಿತು. ಒಂದೊಂದೂ ಬೇರು ಕತ್ತರಿಸಿ, ಮಣ್ಣು ಒದರಿ, ಒಂದೇ ಉದ್ದಕ್ಕೆ ಜೋಡಿಸಿದ ಗರಿಕೆ. ಒಳಗೆ ಸಾಯುತ್ತಿರುವ ಜೀವಕ್ಕೆ ಬೇಕಾದ ಊಟವೂ ಅದೇ. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಚೀಲ ಹೊತ್ತು ಒಳಗೆ ಬಂದು, ಒಂದು ಹಿಡಿ ತೆಗೆದು ಪುಟ್ಟಸ್ವಾಮಿಯ ಮೂತಿಯ ಮುಂದೆ ಇಟ್ಟು ಕಾದಳು.

ಆರೂಮುಕ್ಕಾಲಿಗೆ ಶೋಭಿತಾ ಬಂದಳು. ಬೆನ್ನಿನ ಬ್ಯಾಗು ಇಳಿಸದೆ ಮೊದಲು ಚೀಲ ನೋಡಿದಳು, ಆಮೇಲೆ ಬುಟ್ಟಿ, ಆಮೇಲೆ ಸಿರಿಂಜು.

"ಗರಿಕೆ ಕೊಟ್ಟೇ ಇಲ್ಲ."

"ಇಲ್ಲ" ಅಂದಳು ಮಂಜುಶ್ರೀ. "ಸೊಪ್ಪು ಕೊಟ್ಟೆ, ಬಾಳೆಅಣ್ಣು ಕೊಟ್ಟೆ, ಬೆಲ್ಲಾನೂ ಕೊಟ್ಟೆ. ನೆನ್ನೆ ಸಂಜೆ ತಿನ್ನದು ಬುಡ್ತು. ಉಳ ಜ್ವರಕ್ಕೆ ಕೂತಂಗೆ ಅನ್ಕಂಡು ನಾನು ಸುಮ್ಕೆ ಬುಟ್ಟೆ. ಇವತ್ತು ಮಂಡ್ಯಕ್ಕೆ ಓಗಿ ತೋರಿಸ್ಕಂಡು ಬಂದಿವ್ನಿ. ತಪ್ಪು ನಂದೇ ಕಣವ್ವ."

ಹುಡುಗಿ ಬ್ಯಾಗನ್ನು ಅಲ್ಲೇ ಇಳಿಸಿದಳು. ತನ್ನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಎಂಟು ತಿಂಗಳಲ್ಲಿ ಆ ಬಾಗಿಲು ಎಷ್ಟು ಸಲ ಹೀಗೆ ಮುಚ್ಚಿತ್ತೋ. ಪ್ರತಿ ಸಲವೂ ಮಂಜುಶ್ರೀ, ಇರಲಿ, ತಾನಾಗೇ ಎದ್ದು ಬರುತ್ತಾಳೆ ಎಂದುಕೊಂಡು, ಕಾಲು ಸಪ್ಪಳ ಮಾಡದೆ ಈಚೆಗೆ ಬಂದುಬಿಡುತ್ತಿದ್ದಳು. ಇವತ್ತೂ ಅದೇ ಬಾಗಿಲ ಮುಂದೆ ನಿಂತಳು. ಒಳಗೆ ಹೋದರೆ ಹುಡುಗಿ ಮಲತಾಯಿ ಎನ್ನುವ ಆ ಮಾತು ಅಂದೇಬಿಟ್ಟರೆ? ಆದರೂ ಒಂದು ತಟ್ಟೆಗೆ ಮುದ್ದೆ ಹಾಕಿ ಉಪ್ಪೆಸರು ಬಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬುಟ್ಟಿ ಹಿಡಿದು, ಭುಜದಿಂದ ಬಾಗಿಲು ನೂಕಿದಳು.

ಶೋಭಿತಾ ಗೋಡೆ ಕಡೆ ತಿರುಗಿ ಮಲಗಿದ್ದಳು.

"ಓಗಿ."

"ಓಗಲ್ಲ. ಇದುಕ್ಕೆ ಕುಡಿಸೋ ಒತ್ತಾಯ್ತು, ನಂಗೊಬ್ಳಿಗೇ ಆಯ್ತಿಲ್ಲ" ಎಂದು ಮಂಜುಶ್ರೀ ನೆಲದ ಮೇಲೆ ಕೂತಳು. ಪುಟ್ಟಸ್ವಾಮಿಯನ್ನು ಮಡಿಲಿಗೆ ತೆಗೆದುಕೊಂಡು ಸಿರಿಂಜು ತುಂಬಿದಳು. ಮತ್ತೆ ಸೋರಿತು. ಇನ್ನೊಂದು ಸಲ ಹಿಡಿದಳು, ಅದೂ ಸೋರಿತು.

"ಅಂಗಲ್ಲ ಇಡಿಯಾದು" ಎಂದು ಹುಡುಗಿ ಎದ್ದು ಬಂದಳು. ಮೊಲವನ್ನು ಟವೆಲಿನಲ್ಲಿ ಸುತ್ತಿ, ತುಟಿಯ ಪಕ್ಕದಿಂದ ಸಿರಿಂಜು ತೂರಿಸಿ, ಹನಿ ಹನಿಯಾಗಿ ಬಿಟ್ಟಳು. ಪುಟ್ಟಸ್ವಾಮಿಯ ದವಡೆ ಅಲ್ಲಾಡಿತು.  ಮಂಜುಶ್ರೀ ಹೊಟ್ಟೆ ನೀವುತ್ತ ಕೂತಳು. ಎಷ್ಟೋ ಹೊತ್ತಿನ ಮೇಲೆ ಅವಳ ಸೀರೆಯ ಮೇಲೆ ಏನೋ ಬಿತ್ತು. ಮೆಣಸಿನ ಕಾಳಿಗಿಂತ ಚಿಕ್ಕದೊಂದು ಹಿಕ್ಕೆ.

ಶೋಭಿತಾ ಅದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಂದು ನೋಡಿದಳು. "ಸಣ್ಣದು. ಇನ್ನೂ ಬರ್ಬೇಕು" ಅಂದಳು. ಹಿಕ್ಕೆಯನ್ನು ಬುಟ್ಟಿಯ ಅಂಚಿನಲ್ಲಿ ಜೋಪಾನವಾಗಿಟ್ಟಳು. ಆಮೇಲೆ ಮೊಲದ ಕಿವಿಯನ್ನೇ ನೋಡುತ್ತ ಹೇಳಿದಳು. "ಅವ್ವನೂ ಇಂಗೇ ಉಣ್ಣದು ಬುಟ್ಟಿದ್ಲು. ಎಲ್ಲಾರೂ, ಸುಮ್ಕೆ ಬುಡಿ, ಮನಿಕ್ಕಳ್ಲಿ ಅಂದ್ರು. ನಾನೂ ಸುಮ್ಕಿದ್ದೆ."

ಮಂಜುಶ್ರೀಗೆ ಹಾಳೆಯ ಹಿಂದಿನ ಆ ಮೂರು ಗೆರೆ ಕಣ್ಣ ಮುಂದೆ ಬಂದವು. ತಟ್ಟೆಯನ್ನು ಹುಡುಗಿಯ ಕಡೆ ತಳ್ಳಿದಳು.

ಶೋಭಿತಾ ತಟ್ಟೆ ನೋಡಿದಳು, ಆಮೇಲೆ ಅವಳ ಮುಖ ನೋಡಿದಳು. "ನೀನು ಉಂಡ್ಯಾ?"

"ಇಲ್ಲ. ಬೆಳಗ್ಗಿಂದ ಆಗ್ಲಿಲ್ಲ."

ಹುಡುಗಿ ಮುದ್ದೆಯನ್ನು ಎರಡು ಭಾಗ ಮಾಡಿ, ದೊಡ್ಡದನ್ನು ಅವಳ ಕಡೆಗೆ ಸರಿಸಿದಳು.

"ಮೊದ್ಲು ನೀನು ಉಣ್ಣು" ಅಂದಳು. "ನಾನು ನೋಡ್ಬೇಕು."