ಬ್ಯಾಡ್ಜ್ ಇಲ್ಲದವನು

ನಮ್ಮ ದೊಡ್ಡ ಮಗಳು ವಾರ ಬಿಟ್ಟು ವಾರ ಶನಿವಾರ ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡತೊಡಗಿ ನಾಲ್ಕು ತಿಂಗಳಾಗಿತ್ತು. ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವ ಕೋರ್ಸು ಮುಗಿಸಿ ಎಂಟು ತಿಂಗಳು ಕಳೆದಿದ್ದರೂ ಅವಳಿಗೆ ಕೆಲಸ ಸಿಕ್ಕಿರಲಿಲ್ಲ. ಎಲ್ಲಿಗೆ ಹೋಗುತ್ತೀಯ ಎಂದರೆ ‘ನೆಟ್‌ವರ್ಕಿಂಗ್’ ಅನ್ನುತ್ತಿದ್ದಳು.

“ಅಲ್ಲಿ ಏನು ಮಾಡ್ತೀರಿ?”

“ಮಾತಾಡ್ತೀವಿ.”

“ಏನು ಮಾತು?”

“ಪರಿಚಯ ಮಾಡ್ಕೊಳ್ತೀವಪ್ಪಾ. ದೊಡ್ಡ ಕಂಪನಿಯವರು ಬಂದು ಹೊಸಬರಿಗೆ ಹೇಳಿಕೊಡ್ತಾರೆ. ಕಾಫಿನೂ ಇರುತ್ತೆ.”

“ಸುಮ್ಮಸುಮ್ಮನೆ ಯಾಕೆ ಹೇಳಿಕೊಡ್ತಾರೆ?”

“ಒಳ್ಳೆಯವರು ಅಂತ.”

ಈ ಮಾತು ನನ್ನ ಗಂಟಲಲ್ಲಿ ಇಳಿಯಲಿಲ್ಲ. ನಾನು ಇಪ್ಪತ್ತೆರಡು ವರ್ಷಗಳಿಂದ ಲಿಫ್ಟ್ ರಿಪೇರಿ ಮಾಡುವವನು. ಕಿರುಗುಟ್ಟುವ ಲಿಫ್ಟಿಗೆ ನಾನು ಹೆದರುವುದಿಲ್ಲ. ಸದ್ದಿಲ್ಲದೆ ಓಡುವುದರ ಮೇಲೇ ನನಗೆ ಗುಮಾನಿ. ದೊಡ್ಡವಳು ಇತ್ತೀಚೆಗೆ ಸದ್ದಿಲ್ಲದೆ ಓಡುತ್ತಿದ್ದಳು. ನಾನು ಹತ್ತಿರ ಬಂದರೆ ಫೋನನ್ನು ಬೋರಲು ಹಾಕುತ್ತಿದ್ದಳು.

ಆ ಗುರುವಾರ ಮಾತ್ರ ಮರೆತು, ಫೋನನ್ನು ಊಟದ ಮೇಜಿನ ಮೇಲೆ ಬಿಟ್ಟು ಕೈ ತೊಳೆಯಲು ಹೋದಳು. ಫೋನು ಮಿನುಗಿತು. ಓದಬಾರದು ಎಂದುಕೊಳ್ಳುವಷ್ಟರಲ್ಲಿ ಓದಿ ಮುಗಿಸಿದ್ದೆ. ‘ಮೇಡಂ’ ಎಂಬ ಹೆಸರಿನಿಂದ ಬಂದಿತ್ತು: ‘ಶನಿವಾರ ಬಾಗಿಲು ನಿನ್ನದು. ಒಬ್ಬ ಬರ್ತಾನೆ. ಮನೆಯಲ್ಲೂ ಬಾಯಿ ಬಿಡಬೇಡ.’

ಪಾತ್ರೆ ಉಜ್ಜುತ್ತಿದ್ದ ಹೆಂಡತಿಗೆ ಪಿಸುಗುಟ್ಟಿದೆ.

“ನಿಮಗೆ ಅನುಮಾನದ ಕಾಯಿಲೆ. ಅವಳನ್ನೇ ಕೇಳಬಾರದಾ?” ಅಂದಳು.

“ಬಾಯಿ ಬಿಡಬೇಡ ಅಂತ ಬರೆದಿದ್ದಾರಲ್ಲೇ. ಕೇಳಿದ್ರೆ ಬಿಡ್ತಾಳಾ?”

“ಹಾಗಾದ್ರೆ ನೀವೇ ಹೋಗಿ ಆ ಬಾಗಿಲು ಕಾಯಿರಿ” ಎಂದು ತಟ್ಟೆ ಕುಕ್ಕಿದಳು. ಅವಳು ಚುಚ್ಚಿದ್ದಳು. ನಾನು ಅದನ್ನೇ ಅಪ್ಪಣೆ ಎಂದುಕೊಂಡೆ.

ಸಭೆ ನಡೆಯುವ ಕಟ್ಟಡ, ಮಹಡಿ ಯಾವುದೆಂದು ಹೆಂಡತಿಗೆ ಗೊತ್ತಿತ್ತು. ಆ ಕಟ್ಟಡ ನನಗೆ ಹೊಸದಲ್ಲ. ಅಲ್ಲಿನ ಲಿಫ್ಟುಗಳು ನಮ್ಮ ಕಂಪನಿಯವೇ. ಶನಿವಾರ ಪಾಳಿ ಮುಗಿದ ಮೇಲೆ ಯೂನಿಫಾರ್ಮ್ ಬದಲಿಸದೆ, ಏಣಿ, ಸಲಕರಣೆ ಚೀಲ ಹೊತ್ತು ಹಿಂದಿನ ಸರಕಿನ ಲಿಫ್ಟಿನಲ್ಲಿ ಆರನೇ ಮಹಡಿಗೆ ಹೋದೆ. ಅಲ್ಲಿದ್ದ, ಸಭಾಂಗಣದ ಹಿಂದಿನ ಗಾಜಿನ ಬಾಗಿಲು ಕಾರ್ಡ್ ತೋರಿಸಿದರಷ್ಟೇ ತೆರೆಯುವಂಥದ್ದು. ಹೊರಗಿನಿಂದಲೇ ಇಣುಕಿ ಮಗಳ ಬಳಿ ಯಾರು ಬರುತ್ತಾರೆಂದು ನೋಡಿ ಮರಳುವುದು ನನ್ನ ಲೆಕ್ಕಾಚಾರವಾಗಿತ್ತು. ಅಷ್ಟರಲ್ಲಿ ಕೊರಳಲ್ಲಿ ಬ್ಯಾಡ್ಜ್ ತೂಗಿಕೊಂಡ ಯುವಕನೊಬ್ಬ ಶೌಚಾಲಯದಿಂದ ಬಂದ. ಕಾರ್ಡ್ ತೋರಿಸಿ ಬಾಗಿಲು ತೆರೆದವನು ನನ್ನ ಏಣಿ ಕಂಡು, ಬೆನ್ನು ಕೊಟ್ಟು ಬಾಗಿಲು ಹಿಡಿದು ನಿಂತ.

“ಬನ್ನಿ ಅಂಕಲ್. ನಿಧಾನ, ಗಾಜು.”

ಬೇಡ ಅನ್ನುವುದು ಹೇಗೆ? ಒಳಗೆ ಹೋದೆ.

ಅರವತ್ತು ಎಪ್ಪತ್ತು ಮಂದಿ ಇದ್ದರು, ಎಲ್ಲ ನಮ್ಮವಳ ವಯಸ್ಸಿನವರೇ. ಪರಿಚಯ ಮಾಡಿಕೊಳ್ಳಲು ಬಂದವರಂತೆ ಒಬ್ಬರೂ ಕಾಣಲಿಲ್ಲ. ಫೋನುಗಳನ್ನು ಎದೆಗೆ ಅವುಚಿಕೊಂಡಿದ್ದರು. ನನ್ನ ಪಕ್ಕದಲ್ಲೇ ಇಬ್ಬರ ಪರಿಚಯ ನಡೆದಿತ್ತು.

“ಎಲ್ಲಿ ಕೆಲಸ ಮಾಡ್ತಿದೀರಾ?”

“ಒಂದು ಆಫೀಸಲ್ಲಿ. ನೀವು?”

“ನಾನೂ ಒಂದು ಆಫೀಸಲ್ಲೇ.”

“ಓಹೋ, ಒಳ್ಳೇದಾಯ್ತು.”

ಇಬ್ಬರೂ ಸಮಾಧಾನದಿಂದ ಕಾಫಿ ಗುಟುಕರಿಸಿದರು. ಇಷ್ಟೊಂದು ಅನುಮಾನದ ಜನರ ನಡುವೆ ಏಣಿ ಹಿಡಿದು ನಿಂತ ನನ್ನನ್ನು ಮಾತ್ರ ಯಾರೂ ಕಣ್ಣೆತ್ತಿ ನೋಡಲಿಲ್ಲ. ಹುಡುಗಿಯೊಬ್ಬಳು ಬಂದು, “ಅಂಕಲ್, ಎಸಿ ಸ್ವಲ್ಪ ಕಮ್ಮಿ ಮಾಡ್ತೀರಾ?” ಎಂದಳು. ನೋಡುತ್ತೇನೆ ಎಂದೆ.

ದೊಡ್ಡವಳು ಮುಂಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದಳು. ಬಂದವರ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ಬ್ಯಾಡ್ಜ್ ಕೊಡುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ಅವಳೆದುರು ನಿಂತ ಪ್ರತಿ ಗಂಡಸನ್ನೂ ಅಳೆದೆ. ಗಡ್ಡದವನಾ? ಕೆಂಪು ಚೀಲದವನಾ? ಆ ಬರುವ ‘ಒಬ್ಬ’ ಇವರಲ್ಲಿ ಯಾರು?

ಆಗ ಕುಳ್ಳಗಿನ ಹೆಂಗಸೊಬ್ಬರು ಕನ್ನಡಕವನ್ನು ತಲೆಗೇರಿಸಿ ಮೈಕ್ ಹಿಡಿದರು. ಎಲ್ಲರೂ “ಮೇಡಂ, ಮೇಡಂ” ಎನ್ನುತ್ತ ಕೂತರು. ನನ್ನ ಕಿವಿ ನೆಟ್ಟಗಾಯಿತು.

“ಇವತ್ತು ಪಾಠ ಇಲ್ಲ, ಪರೀಕ್ಷೆ. ಬ್ಯಾಡ್ಜ್ ಇಲ್ಲದೆ ಒಳಗೆ ನುಗ್ಗೋಕೆ ನಾನೇ ಒಬ್ಬನನ್ನ ಕಳಿಸಿದ್ದೆ. ಬಾಗಿಲು ಕಾಯೋಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ನನ್ನ ತಂಡದಲ್ಲಿ ಒಂದು ಜಾಗ ಖಾಲಿ ಇದೆ. ಬಾಗಿಲು ಭದ್ರವಾಗಿದ್ರೆ ಆ ಜಾಗ ಅವಳದು.” ಮುಂಬಾಗಿಲ ಕಡೆ ತಿರುಗಿದರು. “ಏನಮ್ಮಾ, ನನ್ನ ಮನುಷ್ಯ ಎಲ್ಲಿ?”

ದೊಡ್ಡವಳು ಎದ್ದು ನಿಂತಳು. “ಹೊರಗೆ ಕುರ್ಚಿ ಮೇಲೆ ಕೂತಿದಾರೆ ಮೇಡಂ. ಫೋಟೊ ತೆಗೆಯೋನು ಅಂದ್ರು. ಪಟ್ಟೀಲಿ ಹೆಸರಿರಲಿಲ್ಲ. ನಿಮ್ಮ ಹೆಸರು ಹೇಳಿದ್ರು, ಬೈದ್ರು, ಆಮೇಲೆ ಬೇಡ್ಕೊಂಡ್ರು. ಬಿಡಲಿಲ್ಲ.”

ಚಪ್ಪಾಳೆ ಬಿತ್ತು. ನಾಲ್ಕು ತಿಂಗಳ ಗುಮಾನಿಯೆಲ್ಲ ನಾಚಿಕೆಯಾಗಿ ನನ್ನ ಕಿವಿ ಬಿಸಿಯಾಯಿತು. ಸದ್ದು ಮಾಡದೆ ಹಿಂದಿನ ಬಾಗಿಲ ಕಡೆ ಸರಿದೆ. ಏಣಿಯ ತುದಿ ಒಂದು ಕುರ್ಚಿಗೆ ತಗುಲಿತು. ಮಗಳು ಆ ಕಡೆ ನೋಡಿದಳು.

ಅವಳ ಮುಖದ ನಗು ಅರ್ಧಕ್ಕೇ ನಿಂತಿತು. ನನ್ನ ಬರಿಯ ಕೊರಳನ್ನು ನೋಡಿದಳು, ನನ್ನ ಬೆನ್ನಿನಾಚೆಯ ಗಾಜಿನ ಬಾಗಿಲನ್ನು ನೋಡಿದಳು. ಬೇಡ ಎಂದು ತಲೆಯಾಡಿಸಿದೆ. ಹೇಳಬೇಡ ಮಗಳೇ, ಯಾರಿಗೂ ಗೊತ್ತಿಲ್ಲ, ನಾನು ಹೊರಟುಹೋಗುತ್ತೇನೆ. ಕಣ್ಣಲ್ಲೇ ಅಂಗಲಾಚಿದೆ. ಮೇಡಂ ಆಗಲೇ ಅವಳ ಕೈ ಕುಲುಕಲು ಮುಂದೆ ಬಂದಿದ್ದರು.

“ಮೇಡಂ, ಒಬ್ಬರು ಒಳಗೆ ಬಂದಿದಾರೆ” ಎಂದಳು.

“ನಾನು ಕಳಿಸಿದ್ದು ಒಬ್ಬನನ್ನೇ.”

“ಇವರು ನೀವು ಕಳಿಸಿದವರಲ್ಲ. ಹಿಂದಿನ ಬಾಗಿಲನ್ನ ನಾನು ನೋಡ್ಕೊಳ್ಳಲಿಲ್ಲ. ಅಲ್ಲಿ ಏಣಿ ಹಿಡಿದಿದಾರಲ್ಲ, ಅವರು.”

ಎಪ್ಪತ್ತು ತಲೆಗಳು ಒಟ್ಟಿಗೆ ತಿರುಗಿದವು. “ಅಯ್ಯಯ್ಯೋ, ಅವರಿಗೆ ಬಾಗಿಲು ಹಿಡಿದವನು ನಾನೇ!” ಎಂದು ಆ ಯುವಕ ತಲೆ ಚಚ್ಚಿಕೊಂಡ. “ನಾನು ಎಸಿ ಕಮ್ಮಿ ಮಾಡಿ ಅಂದೆ” ಎಂದಳು ಆ ಹುಡುಗಿ. ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ದೊಡ್ಡವಳು ನಗಲಿಲ್ಲ.

ಮೇಡಂ ನನ್ನ ಬಳಿ ಬಂದರು. “ಯಾರು ನೀವು?”

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: “ನಮ್ಮಪ್ಪ.”

“ನೀನು ಬರೋಕೆ ಹೇಳಿದ್ದಾ?”

“ಇಲ್ಲ ಮೇಡಂ. ಯಾಕೆ ಬಂದರೋ ನನಗೂ ಗೊತ್ತಿಲ್ಲ.”

ಲಿಫ್ಟ್ ಕೆಟ್ಟಿದೆ ಅಂತ ದೂರು ಬಂದಿತ್ತು ಅನ್ನುವುದು ನನ್ನ ನಾಲಿಗೆಯ ತುದಿಯಲ್ಲಿತ್ತು. ನನ್ನ ಯೂನಿಫಾರ್ಮ್ ನೋಡಿದರೆ ಯಾರಾದರೂ ನಂಬುತ್ತಿದ್ದರು. ಆದರೆ ಅವಳು ತನ್ನ ಜಾಗವನ್ನೇ ಪಣಕ್ಕಿಟ್ಟು ನಿಜ ಹೇಳಿ ನಿಂತಿದ್ದಳು.

“ನಿಮ್ಮ ಮೆಸೇಜ್ ಓದಿದೆ” ಎಂದೆ. “ಅವಳ ಫೋನಲ್ಲಿ. ಕದ್ದು. ಒಬ್ಬ ಬರ್ತಾನೆ, ಬಾಯಿ ಬಿಡಬೇಡ ಅಂತಿತ್ತು. ಹೆಣ್ಣು ಮಗಳ ಅಪ್ಪ ಅಲ್ವೇನಮ್ಮಾ, ಯಾರು ಬರ್ತಾನೋ ನೋಡೋಣ ಅಂತ ಬಂದೆ.”

ಮೇಡಂ ತಲೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿದರು. “ಬರೆದ ರೀತಿ ನನ್ನದೂ ತಪ್ಪೇ” ಎಂದು ಮಗಳತ್ತ ತಿರುಗಿದರು. “ಹಿಂದಿನ ಬಾಗಿಲು ತೆರೆದಿತ್ತು. ಫೋನೂ ತೆರೆದಿತ್ತು. ಎರಡೂ ನಿನ್ನ ಲೆಕ್ಕಕ್ಕೇ ಬರುತ್ತೆ. ಜಾಗ ಇವತ್ತೇ ನಿನ್ನದು ಅಂತ ಹೇಳೋಕಾಗಲ್ಲ. ಬುಧವಾರ ಹತ್ತು ಗಂಟೆಗೆ ಬಾ. ಇನ್ನೂ ಮೂವರನ್ನ ಕರೀತೀನಿ, ಅವರ ಜೊತೆ ಸಂದರ್ಶನ.”

“ಸರಿ ಮೇಡಂ.”

“ನಾನು ಕೇಳದೇನೇ ನೀನು ಹೇಳಿದೆ ಅನ್ನೋದನ್ನೂ ಬರ್ಕೊಳ್ತೀನಿ.”

ಹೊರಗೆ ಬಂದ ಮೇಲೆ ಅವಳು ಬಸ್ ನಿಲ್ದಾಣದ ಕಡೆ ಸರಸರ ನಡೆದಳು. ನಾನು ಎರಡು ಹೆಜ್ಜೆ ಹಿಂದೆಯೇ ನಡೆದೆ.

“ನಾನು ಬರದಿದ್ದಿದ್ರೆ ಕೆಲಸ ಸಿಕ್ಕಿರೋದು” ಎಂದೆ ಕೊನೆಗೆ.

“ಹೌದು.”

ಸಮಾಧಾನಕ್ಕಾದರೂ ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

“ನೀನು ಸುಮ್ಮನಿದ್ದಿದ್ರೂ ಸಿಗೋದು. ನಾನು ತಲೆ ಆಡಿಸ್ತಾನೇ ಇದ್ದೆ, ನೋಡಲಿಲ್ವಾ?”

“ನೋಡಿದೆ. ಅದು ನೋಡೇ ಸಿಟ್ಟು ಬಂದಿದ್ದು.” ಬಸ್ಸು ಬರುವ ದಿಕ್ಕಿಗೇ ಮುಖ ಮಾಡಿಕೊಂಡಿದ್ದಳು. “ಅಪ್ಪಾ, ಇನ್ಮೇಲೆ ಏನಾದ್ರೂ ಅನ್ಸಿದ್ರೆ ನನ್ನೇ ಕೇಳು.”

“ಕೇಳಿದ್ರೆ ಹೇಳ್ತೀಯಾ?”

ಅವಳು ನನ್ನ ಕಡೆ ತಿರುಗಿದಳು.

“ಹೇಳಬಾರದ್ದಾದ್ರೆ, ಹೇಳಬಾರದು ಅಂತ ಹೇಳ್ತೀನಿ. ಅಷ್ಟಕ್ಕೆ ನಿದ್ದೆ ಬರುತ್ತಾ ನಿನಗೆ?”

ಖಂಡಿತ ಬರುತ್ತೆ ಅನ್ನಲು ಹೊರಟವನು ತಡೆದುಕೊಂಡೆ.

“ಬರೋದು ಕಷ್ಟ” ಎಂದೆ. “ಆದ್ರೆ ಮಲಗಿರ್ತೀನಿ.”