ಕಸ ವಾಪಸ್ ಕೊಟ್ಟವಳು

ನನ್ನ ಮಗಳಿಗೆ ಎಂಟು ವರ್ಷ. ಐದಾರು ತಿಂಗಳಿಂದ ಅವಳಿಗೆ ಕೆಮ್ಮು. ಮೊದಲು ನೆಗಡಿ ಎಂದುಕೊಂಡೆವು. ಆಮೇಲೆ ಐಸ್‌ಕ್ಯಾಂಡಿ ತಿಂದದ್ದಕ್ಕೆ ಎಂದು ಬೈದೆವು. ಶಾಲೆ ತಪ್ಪಿಸಲು ನೆಪ ಎಂದೂ ಅಂದೆವು. ಮನೆಯ ಹದಿನೆಂಟು ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತುತ್ತಿದ್ದ ಹುಡುಗಿ ಈಗ ನಡುವೆ ಎರಡು ಸಲ ಕೂರುತ್ತಾಳೆ. ಕೂತಾಗ ಅವಳ ಎದೆಯೊಳಗೆ ಹಳೆಯ ಬಾಗಿಲು ತೆರೆದಂತೆ ಸದ್ದಾಗುತ್ತದೆ.

ಈ ಕೆಮ್ಮಿನ ಕಥೆ ಹೇಳಬೇಕಾದರೆ ಮೊದಲು ಸೀಟಿಯಮ್ಮನ ಕಥೆ ಹೇಳಬೇಕು.

ಸೀಟಿಯಮ್ಮ ನಮ್ಮ ಬೀದಿಯ ಕಸ ತೆಗೆದುಕೊಂಡು ಹೋಗುತ್ತಿದ್ದವಳು. ಬೆಳಿಗ್ಗೆ ಏಳಕ್ಕೆ ಗಾಡಿ ತಳ್ಳಿಕೊಂಡು, ಕೊರಳಿನ ಸೀಟಿ ಊದುತ್ತಾ ಬರುತ್ತಿದ್ದಳು. ನಾನು ಹೊಲಿಗೆಯವಳು. ಬ್ಯಾಗಿನ ಅಂಗಡಿಯವರಿಗೆ ಬ್ಯಾಗಿನ ಒಳಪದರ ಹೊಲಿದು ಕೊಡುತ್ತೇನೆ. ದಿನಕ್ಕೆ ಒಂದು ಪುಟ್ಟ ಮೂಟೆಯಷ್ಟು ಚಿಂದಿ ಬೀಳುತ್ತದೆ, ಹೆಚ್ಚಿನದು ನೈಲಾನು. ಆ ಚಿಂದಿ, ತರಕಾರಿ ಸಿಪ್ಪೆ, ತಟ್ಟೆಯ ಎಂಜಲು, ಹಾಲಿನ ಪ್ಯಾಕೆಟ್ಟು, ಅತ್ತೆಯ ಮಂಡಿನೋವಿನ ಮುಲಾಮಿನ ಟ್ಯೂಬು, ಎಲ್ಲವೂ ಒಂದೇ ಕಪ್ಪು ಕವರಿಗೆ. ಮೇಲೆ ಬಿಗಿಯಾಗಿ ಎರಡು ಗಂಟು. ಒಳಗೇನಿದೆ ಎಂದು ಪಕ್ಕದ ಮನೆಯವರಿಗೆ ಕಾಣಬಾರದಲ್ಲ!

ಒಂದು ದಿನ ಸೀಟಿಯಮ್ಮ ಗಂಟು ಬಿಚ್ಚಿ ನೋಡಿ, ಕವರನ್ನು ತಂದು ನಮ್ಮ ಹೊಸ್ತಿಲ ಮೇಲಿಟ್ಟಳು.

"ಅಕ್ಕಾ, ಇದನ್ನ ತಗೊಳ್ಳಲ್ಲ. ಬಟ್ಟೆ ಬೇರೆ ಕೊಡಿ, ಎಂಜಲು ಬೇರೆ ಕೊಡಿ."

ಅತ್ತೆ ಒಳಗಿನಿಂದಲೇ ಗುಡುಗಿದರು. "ಅದೇನೇ ಅದು? ಕಸ ಎತ್ತೋಕೆ ಬಂದೋಳು ಕಸ ಬೇಡ ಅಂತಾಳಾ? ನಾಳೆ ಪೋಸ್ಟಿನೋನು ಬಂದು ಕಾಗದ ಭಾರ ಆಗುತ್ತೆ ಅಂತಾನೆ!"

"ಬೇಡ ಅಂತಿಲ್ಲ ಅಜ್ಜಿ. ಬೇರೆ ಮಾಡಿ ಕೊಡಿ ಅಂತಿದೀನಿ. ಕಲಸಿದ್ದನ್ನ ಕಸ ವಿಂಗಡಿಸೋ ಶೆಡ್ಡಲ್ಲಿ ಇಳಿಸ್ಕೊಳ್ಳಲ್ಲ."

"ಆಯ್ತು ತಾಯಿ, ನಾಳೆಯಿಂದ ಸಿಪ್ಪೆಗೆ ಸ್ನಾನ ಮಾಡಿಸಿ, ತಲೆ ಬಾಚಿ ಕಳಿಸ್ತೀವಿ."

ಸೀಟಿಯಮ್ಮ ನಗಲಿಲ್ಲ. "ಸಿಪ್ಪೆಗೆ ಬೇಡ ಅಜ್ಜಿ. ಹಾಲಿನ ಪ್ಯಾಕೆಟ್ಟನ್ನ ಮಾತ್ರ ಒಂದ್ಸಲ ತೊಳೀರಿ ಸಾಕು" ಎಂದು ಗಾಡಿ ತಳ್ಳಿದಳು.

ನಾನು ಯಂತ್ರದ ಮುಂದೆ ಕೂತೇ ಇದ್ದೆ. ಸಂಜೆಯೊಳಗೆ ಮುನ್ನೂರು ಬ್ಯಾಗಿನ ಬಟ್ಟೆ ಮುಗಿಯಬೇಕಿತ್ತು. ಇದ್ದ ಕೆಲಸವೇ ಸಾಲದು, ಇನ್ನು ಇವಳ ಪಾಠ ಬೇರೆ ಎಂದು ನನಗೂ ಮೈ ಉರಿಯಿತು.

ಬೀದಿಯಲ್ಲಿ ನಮ್ಮಂಥವರೇ ಹೆಚ್ಚು. ಮೂಲೆಮನೆಯ ಮೇಷ್ಟ್ರು ನಗರಸಭೆಯ ಆಫೀಸಿಗೆ ದೂರಿನ ಅರ್ಜಿ ಬರೆದರು. 'ಸದರಿ ಮಹಿಳೆಯು ನಾಗರಿಕರೊಡನೆ ಒರಟಾಗಿ ವರ್ತಿಸುತ್ತಾಳೆ' ಎಂದು ಅಂದವಾದ ಅಕ್ಷರಗಳಲ್ಲಿ. ನಲವತ್ತೊಂದು ಮನೆಯವರು ರುಜು ಹಾಕಿದೆವು. ಮೂರನೆಯ ರುಜು ನನ್ನದು. ಬಾಬಿನ್‌ಗೆ ದಾರ ಸುತ್ತುತ್ತಲೇ ಹಾಕಿದೆ. ಓದಲೂ ಇಲ್ಲ.

ವಾರದೊಳಗೆ ಸೀಟಿ ನಿಂತಿತು. ಹೊಸಬ ಬಂದ. ನಡುವಯಸ್ಸು, ಸಣ್ಣ ವ್ಯಾನು, ಬಾಯಲ್ಲಿ ಒಂದು ಮಾತಿಲ್ಲ. ಏನು ಕೊಟ್ಟರೂ ತೆಗೆದುಕೊಳ್ಳುತ್ತಿದ್ದ. ಒಡೆದ ಗಾಜು, ಮಗುವಿನ ಡೈಪರು, ಹಳೆಯ ದಿಂಬು, ಎಲ್ಲವನ್ನೂ. ಅತ್ತೆ ಅವನಿಗೆ 'ಬಂಗಾರ' ಎಂದು ಹೆಸರಿಟ್ಟರು. "ಮನುಷ್ಯ ಅಂದ್ರೆ ಹೀಗಿರ್ಬೇಕು ಕಣೆ. ಬಂದ, ತಗೊಂಡ, ಹೋದ. ಬಂಗಾರ!" ಇಡೀ ಬೀದಿಗೆ ಆ ಹೆಸರು ಹಿಡಿಯಿತು.

ಅದಾದ ಮೇಲೆ ಮಗಳಿಗೆ ಕೆಮ್ಮು ಬಂದದ್ದು. ಎರಡು ಬಾಟಲಿ ಸಿರಪ್ ಖಾಲಿಯಾದರೂ ಇಳಿಯದಿದ್ದಾಗ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು.

"ಮನೆ ಹತ್ತಿರ ಏನಾದ್ರೂ ಸುಡ್ತಾರೇನಮ್ಮಾ?"

"ಇಲ್ಲ ಮೇಡಂ. ನಮ್ಮ ಬೀದಿ ಕನ್ನಡಿ ಇದ್ದ ಹಾಗಿದೆ."

"ಸ್ಕೂಲಲ್ಲಿ ಹೊಗೆ ಬರುತ್ತೆ" ಎಂದಳು ಮಗಳು. "ಗೋಡೆ ಹಿಂದಿಂದ. ಮಿಸ್ಸು ಕಿಟಕಿ ಹಾಕಿ ಪಾಠ ಮಾಡ್ತಾರೆ. ನಾನು ಕಿಟಕಿ ಪಕ್ಕನೇ ಕೂರೋದು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ನೀನು ಮಿಷನ್ ತುಳೀತಿದ್ದೆ."

ಡಾಕ್ಟರ್ ಚೀಟಿ ಬರೆಯುತ್ತಾ ಹೇಳಿದರು: "ಪ್ಲಾಸ್ಟಿಕ್ಕು, ನೈಲಾನು ಸುಟ್ಟ ಹೊಗೆ ಮಕ್ಕಳ ಎದೆಗೆ ವಿಷ. ಈ ಇನ್‌ಹೇಲರ್ ಪಂಪು ದಿನಾ ಎರಡು ಸಲ ಎಳೀಬೇಕು. ಹೊಗೆ ನಿಂತ್ರೆ ಕಡಿಮೆ ಆಗ್ಬಹುದು. ಪೂರ್ತಿ ಹೋಗುತ್ತಾ ಅಂತ ಈಗಲೇ ಹೇಳಕ್ಕಾಗಲ್ಲ."

ಮರುದಿನ ಬೆಳಿಗ್ಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಶಾಲೆಯ ಹಿಂದಿನ ಖಾಲಿ ಜಾಗಕ್ಕೆ ಹೋದೆ. ಆಳೆತ್ತರದ ಗುಡ್ಡೆ. ಬುಡದಲ್ಲಿ ಬೆಂಕಿ ಒಳಗೊಳಗೇ ಉರಿಯುತ್ತಿತ್ತು. ಹೊಗೆ ಗೋಡೆಯ ಮೇಲಿಂದ ನೇರ ತರಗತಿಯ ಕಿಟಕಿಗೆ ಹೋಗುತ್ತಿತ್ತು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು.

ಕೋಲಿನಿಂದ ಕೆದಕಿದೆ. ಎಂಜಲಿನೊಂದಿಗೆ ಅಂಟಿ, ಕರಗಿ, ಟಾರಿನ ಹಾಗೆ ಗಟ್ಟಿಯಾದ ಒಂದು ಮುದ್ದೆ ಎದ್ದಿತು. ಅದರ ತುದಿಯಲ್ಲಿ ಸುಡದೆ ಉಳಿದ ಗಿಳಿಹಸಿರು ಬಟ್ಟೆ. ಅಂಚಿನಲ್ಲಿ ನನ್ನ ಕತ್ತರಿಯ ಹಲ್ಲಿನ ಗುರುತು. ಸಾವಿರ ಚಿಂದಿಯ ನಡುವೆ ಇಟ್ಟರೂ ನಾನು ಕತ್ತರಿಸಿದ್ದನ್ನು ನಾನು ಗುರುತಿಸುತ್ತೇನೆ. ಅಕ್ಕಪಕ್ಕ ಕೆದಕಿದೆ. ಅಲ್ಲೂ ನನ್ನದೇ. ಅತ್ತೆಯ ಮುಲಾಮಿನ ಟ್ಯೂಬೂ ಇತ್ತು.

ಅಷ್ಟರಲ್ಲಿ ವ್ಯಾನು ಬಂತು. ಬಂಗಾರ ಇಳಿದು, ಹಿಂದಿನ ಬಾಗಿಲು ತೆಗೆದು, ನಮ್ಮ ಬೀದಿಯ ಅಂದಿನ ಕಸವನ್ನು ನನ್ನ ಕಣ್ಣೆದುರೇ ಸುರಿದ.

"ಏನಪ್ಪಾ ಇದು? ಇಲ್ಲಿ ಮಕ್ಕಳು ಓದ್ತಾರೆ!"

ಅವನು ಬಾಯಿ ಬಿಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಾನೇನ್ಮಾಡ್ಲಿ ಅಕ್ಕ? ನೀವು ಕಲಸಿ ಕೊಡ್ತೀರಿ. ಶೆಡ್ಡಲ್ಲಿ ಗೇಟಿಂದಾನೇ ವಾಪಸ್ ಕಳಿಸ್ತಾರೆ. ನಮ್ಮನೆಗೆ ತಗೊಂಡು ಹೋಗ್ಲಾ?"

"ನಮಗೆ ಹೇಳ್ಬೇಕಿತ್ತಲ್ಲ?"

"ಹಿಂದೆ ಇದ್ದೋಳು ಹೇಳಿದ್ಲಲ್ಲ, ಅವಳಿಗೇನಾಯ್ತು? ನಂಗೂ ಹೆಂಡತಿ ಮಕ್ಕಳಿದಾರೆ ಅಕ್ಕ. ನಾನು ಯಾರ ಜೊತೆಗೂ ಜಗಳಕ್ಕೆ ಹೋಗಲ್ಲ."

ಅವನು ವ್ಯಾನು ಹತ್ತಿ ಹೋದ.

ಆ ಮುದ್ದೆಯನ್ನು ಕಾಗದದಲ್ಲಿ ಸುತ್ತಿ ತಂದು ಅತ್ತೆಯ ಮುಂದಿಟ್ಟೆ.

"ಥೂ, ಅದೇನು ತಂದಿದೀಯೆ ಮನೆಯೊಳಗೆ?"

"ನಮ್ಮನೇದೇ ಅತ್ತೆ. ನಿಮ್ಮ ಮೊಮ್ಮಗಳು ಉಸಿರಾಡ್ತಿರೋದು ಇದನ್ನೇ."

"ಊರಲ್ಲಿ ಹಸಿರು ಬಟ್ಟೆ ನಿನ್ನೊಬ್ಬಳದೇನಾ?" ಎಂದರು. ಆಮೇಲೆ ನಾನು ಮುಲಾಮಿನ ಟ್ಯೂಬನ್ನು ಪಕ್ಕದಲ್ಲಿಟ್ಟೆ. ಅದನ್ನು ಕೊನೆಯ ಹನಿಯವರೆಗೂ ಹಿಂಡಲು ಬುಡದಿಂದ ಸುರುಳಿ ಸುತ್ತುವವರು ನಮ್ಮ ಬೀದಿಯಲ್ಲಿ ಅತ್ತೆ ಒಬ್ಬರೇ. ಅವರು ಅದನ್ನೇ ನೋಡುತ್ತಾ ಕುಳಿತರು. ಮೆಟ್ಟಿಲ ಮೇಲೆ ಮಗಳು ಕೆಮ್ಮುತ್ತಾ ಬರುತ್ತಿದ್ದಳು. ಒಮ್ಮೆ ಕೂತಳು. ಮತ್ತೆ ಎದ್ದಳು. ಮತ್ತೆ ಕೂತಳು.

"ನಡಿಯೆ" ಎಂದರು ಅತ್ತೆ. "ಅವಳೆಲ್ಲಿದಾಳೆ ಹುಡುಕೋಣ."

ಸೀಟಿಯಮ್ಮ ಶೆಡ್ಡಿನಲ್ಲಿ ಒಣಕಸ ವಿಂಗಡಿಸುತ್ತಿದ್ದಳು. ದೂರು ಹೋದ ಮೇಲೆ ಬೀದಿಯ ಕೆಲಸದಿಂದ ತೆಗೆದು ಅವಳನ್ನು ಇಲ್ಲಿ ದಿನಗೂಲಿಗೆ ಹಾಕಿದ್ದರು. ಕೆಲಸ ನಿಲ್ಲಿಸದೆಯೇ ನಮ್ಮನ್ನು ನೋಡಿದಳು.

"ನಮ್ದು ತಪ್ಪಾಯ್ತು ಕಣಮ್ಮ" ಎಂದರು ಅತ್ತೆ. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಏನು ಮಾಡ್ಬೇಕು, ಹೇಳ್ಕೊಡು."

"ಅವತ್ತು ಹೇಳಿದ್ದೇ ಅಜ್ಜಿ. ಅಡುಗೆಮನೇಲಿ ಎರಡು ಬುಟ್ಟಿ ಇಡಿ. ಸಿಪ್ಪೆ, ಎಂಜಲು ಒಂದಕ್ಕೆ, ಕವರ್ ಹಾಕದೆ. ಅದು ಗೊಬ್ಬರ ಆಗುತ್ತೆ. ಕಾಗದ, ಪ್ಲಾಸ್ಟಿಕ್ಕು, ಬಟ್ಟೆ ಇನ್ನೊಂದಕ್ಕೆ, ಒಣಗಿರ್ಬೇಕು. ಪ್ಯಾಡು, ಡೈಪರು, ಬ್ಯಾಂಡೇಜು ಕಾಗದದಲ್ಲಿ ಸುತ್ತಿ ಬೇರೆ ಕೊಡಿ, ಮೇಲೆ ಕೆಂಪು ಗುರುತು ಹಾಕಿ. ಬ್ಲೇಡು, ಗಾಜನ್ನೂ ಹಾಗೇ ಸುತ್ತಿ, ಆದ್ರೆ ಬೇರೆ ಪೊಟ್ಟಣ." ಕೈಗವಸು ತೆಗೆದು ಅಂಗೈ ತೋರಿಸಿದಳು. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಹೊಲಿಗೆಯ ಕಲೆ. "ಗಂಟು ಬಿಚ್ಚೋವಾಗ ಆಗಿದ್ದು. ನಿಮ್ಮ ಬೀದೀದೇ. ಯಾವ ಮನೆ ಅಂತ ಕೇಳ್ಬೇಡಿ."

"ನನ್ನ ಚಿಂದಿ?" ಎಂದೆ.

"ಒಣಗಿಸಿ ಕೊಟ್ರೆ ಹಾಸಿಗೆಯೋರು ತುಂಬ್ಸೋಕೆ ತಗೊಳ್ತಾರೆ ಅಕ್ಕ. ಎಂಜಲು ಮೆತ್ಕೊಂಡ್ರೆ ಯಾರೂ ಮುಟ್ಟಲ್ಲ."

"ವಾಪಸ್ ನಮ್ಮ ಬೀದಿಗೇ ಬಾ. ನಾವೇ ಆಫೀಸಿಗೆ ಬರೆದು ಕೊಡ್ತೀವಿ" ಎಂದರು ಅತ್ತೆ.

ಅವಳು ಕೈಗವಸು ಹಾಕಿಕೊಂಡಳು. "ಬರಲ್ಲ ಅಜ್ಜಿ. ಆ ಅರ್ಜೀನ ನನ್ನ ಮುಂದೆ ಓದಿದ್ರು. ಒಂದೊಂದೂ ಹೆಸರು ಓದಿದ್ರು." ಮತ್ತೆ ಬಾಗಿ ಕೆಲಸಕ್ಕೆ ತೊಡಗಿದಳು.

ಈಗ ನಮ್ಮ ಮನೆಯಲ್ಲಿ ಎರಡು ಬುಟ್ಟಿಗಳಿವೆ. ನಾನು ಮರೆತರೆ ಅತ್ತೆ ಬೈಯುತ್ತಾರೆ. ಕಸ ಸುಡುವುದನ್ನು ನಿಲ್ಲಿಸಿ, ವಿಂಗಡಿಸಿದ್ದನ್ನು ಮಾತ್ರ ತೆಗೆದುಕೊಳ್ಳಿ ಎಂದು ಇನ್ನೊಂದು ಅರ್ಜಿ ಬರೆದೆವು. ಮಂಡಿನೋವಿನಲ್ಲೂ ಅತ್ತೆ ಮನೆ ಮನೆ ಹತ್ತಿ ಇಳಿದರು. ಮೇಷ್ಟ್ರು ಓದಿ ನೋಡುತ್ತೇನೆ ಎಂದರು, ಇನ್ನೂ ನೋಡುತ್ತಿದ್ದಾರೆ. ಈ ಸಲ ಬಿದ್ದ ರುಜು ಹದಿಮೂರು. ಅಷ್ಟಕ್ಕೇ ಆ ಜಾಗಕ್ಕೆ ಬೇಲಿ ಬಂತು, ಬೆಂಕಿ ನಿಂತಿತು. ಮಗಳು ಇನ್ನೂ ದಿನಕ್ಕೆ ಎರಡು ಸಲ ಪಂಪು ಎಳೆಯುತ್ತಾಳೆ. ಓಟದ ಪಂದ್ಯಕ್ಕೆ ಹೆಸರು ಕೊಡಲಾ ಎಂದು ಕೇಳಿದಳು. ಬೇಡ ಅಂದೆ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮಗೂ ಬಿಡುವಿಲ್ಲ, ನನಗೆ ಗೊತ್ತು. ಎರಡು ಬುಟ್ಟಿಗೆ ಬೇಕಾಗುವುದು ದಿನಕ್ಕೆ ಐದು ನಿಮಿಷ. ಕವರಿಗೆ ಗಂಟು ಹಾಕಬೇಡಿ. ಕಸ ಸುಡಬೇಡಿ, ಸುಡಲು ಬಿಡಬೇಡಿ. ಯಾರಾದರೂ ನಿಮ್ಮ ಕಸವನ್ನು ಬಾಗಿಲಿಗೆ ವಾಪಸ್ ತಂದಿಟ್ಟರೆ ಅವರ ಮೇಲೆ ದೂರು ಬರೆಯುವ ಮೊದಲು ಅವರ ಮಾತು ಕೇಳಿ. ಏನೂ ಹೇಳದೆ ಎಲ್ಲವನ್ನೂ ತೆಗೆದುಕೊಂಡು ಹೋಗುವವರಿದ್ದರೆ, ನಾಳೆ ಬೆಳಿಗ್ಗೆ ಒಂದು ಸಲ ಆ ಗಾಡಿಯ ಹಿಂದೆ ನಡೆದು ನೋಡಿ. ನಾನು ಮೂರು ತಿಂಗಳು ತಡವಾಗಿ ಹೋದೆ.