ಬಂದೆ ಎಂದರೆ ಬಂದ ಹಾಗೆ

ಬಾಗಿಲು ಬಡಿದ ಸದ್ದು, ಒಂದು ಸಲ, ಆಮೇಲೆ ಮತ್ತೊಂದು ಸಲ, ಕರೆಂಟು ಹೋದ ಮನೆಯಲ್ಲಿ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ — ಪಾತ್ರೆಯನ್ನು ಇಕ್ಕಳದಲ್ಲಿ ಅದುಮಿ ಹಿಡಿದು ಮುದ್ದೆ ತಿರುವುತ್ತಿದ್ದ ಕುಸುಮಳ ಕೈ ಗಕ್ಕನೆ ನಿಂತಿತು, ನಿಲ್ಲಬಾರದಿತ್ತು, ನಿಂತರೆ ಗಂಟಾಗುತ್ತದೆ, ಯಾರಿರಬಹುದು, ಗಂಡನಾದರೆ ಹೀಗೆ ಬಡಿಯುವವನಲ್ಲ, ಬೀದಿಯ ತುದಿಯಿಂದಲೇ ಕೂಗಿಕೊಂಡು ಬರುವವನು, ಮೇಲಾಗಿ ಅವನಿನ್ನೂ ಮಳವಳ್ಳಿಯಲ್ಲಿ ತನ್ನ ಬೀಜದ ಅಂಗಡಿಯ ಬಾಗಿಲು ಎಳೆಯುತ್ತಿದ್ದಾನೆ, ಈಗ ತಾನೇ ಫೋನು ಮಾಡಿದ್ದ — ಹಾಗಾದರೆ ಕಚೇರಿಯ ಜವಾನ ಚಿಕ್ಕಣ್ಣನೇ, ಮಂಡ್ಯದಿಂದ ಮದ್ದೂರಿನ ತನಕ ಇನ್ನೊಂದು ನೋಟೀಸನ್ನು ಹೊತ್ತು ತಂದನೇ, ಒಂದು ಸಾಲದೇ, ಬೆಳಿಗ್ಗೆ ಹತ್ತಕ್ಕೆ ಸಮಜಾಯಿಷಿ ನನ್ನ ಮೇಜಿನ ಮೇಲಿರಬೇಕು ಎಂದಿದ್ದರು ಸಾಹೇಬರು, ಇರುತ್ತದೆ, ಅವಳು ಯಾವುದನ್ನು ತಡ ಮಾಡಿದ್ದಾಳೆ, ಆದರೆ ಬರೆಯುವುದೇನನ್ನು, ಬಿಳಿಯ ಹಾಳೆ ಅಕ್ಕಿ ಡಬ್ಬದ ಮೇಲೆ ಹಾಗೆಯೇ ಬಿದ್ದಿದೆ — ಮತ್ತೆ ಬಡಿತ, ನಡುಮನೆಯಿಂದ ಅತ್ತೆಯ ದನಿ, ಬಂದೆ ತಡ್ಕಳಿ, ಬಂದೆ, ಅಂದರೆ ಎದ್ದಿಲ್ಲ, ಮಂಚದಿಂದ ಕಾಲನ್ನೂ ಕೆಳಗಿಳಿಸಿಲ್ಲ, ಬಂದೆಯಂತೆ, ಈ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಕುಸುಮಳ ನೆತ್ತಿಯ ನರ ಬಿಗಿದುಕೊಳ್ಳುತ್ತದೆ.

ಯಲಿಯೂರಿನಿಂದ ಬರುವ ಗುಮಾಸ್ತ ಲಿಂಗರಾಜುವಿಗೆ ಹತ್ತು ದಾಟಿದ ಮೇಲೆ ಫೋನು ಹಚ್ಚಿದರೆ ಇದೇ ಮಾತು, ಬಂದ್ಬುಟ್ಟೆ ಮೇಡಮ್ಮೋರೇ, ಬಂದೇಬುಟ್ಟೆ, ರೈಲ್ವೆ ಗೇಟ್ ಹಾಕ್ಬುಟ್ಟವ್ರೆ ಅಷ್ಟೆಯ — ಮಾತಿನ ಹಿಂದೆ ಬಚ್ಚಲಲ್ಲಿ ಚೊಂಬು ಉರುಳಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಯಾವ ರೈಲ್ವೆ ಗೇಟಿನಲ್ಲಿ ಸ್ನಾನಕ್ಕೆ ನೀರು ಕಾಯಿಸಿಡುತ್ತಾರೋ — ಅವನ ಮೇಜಿನ ಮೇಲೆ ಮಾತ್ರ ಸದಾ ಒಂದು ಕೆಂಪು ಹೆಲ್ಮೆಟ್ಟು, ತಲೆಗೆ ಹಾಕುವುದು ಬೇರೆ, ಇದು ಕಚೇರಿಗೆಂದೇ ಇಟ್ಟದ್ದು, ವಿಚಾರಿಸಿದವರಿಗೆ ಇಲ್ಲೇ ಎಲ್ಲೋ ಅವ್ರೆ, ನೋಡಿ ಹೆಲ್ಮೆಟ್ಟದೆ ಎಂದು ಉಳಿದವರು ತೋರಿಸಲಿಕ್ಕೆ, ತಲೆಯಿಲ್ಲದ ಆ ಹೆಲ್ಮೆಟ್ಟು ಲಿಂಗರಾಜುವಿಗಿಂತ ಹೆಚ್ಚು ಹೊತ್ತು ಸರ್ಕಾರದ ಕೆಲಸ ಮಾಡಿದೆ. ಮತ್ತೆ ಇವಳೋ, ಬೆಳಗಿನ ರೈಲಿನಲ್ಲಿ ಒಂಟಿಗಾಲಲ್ಲಿ ನಿಂತು ಬಂದು, ಬೀಗ ತೆಗೆಯುವ ಚಿಕ್ಕಣ್ಣನಿಗಿಂತ ಮುಂಚೆ ಕಚೇರಿಯ ಮೆಟ್ಟಿಲ ಮೇಲಿರುತ್ತಾಳೆ, ಇದ್ಯಾಕಮ್ಮ ಇಸ್ಟೊತ್ಗೇ ಬತ್ತೀರಿ, ನಮ್ ಮಾನ ಕಳೆಯಕ್ಕಾ ಎಂದು ಅವನು ಗದರುತ್ತಾನೆ, ಅವನು, ಇವಳಿಗೆ! ಹೊತ್ತಿಗೆ ಸರಿಯಾಗಿ ಬಂದವಳೇ ತಪ್ಪು ಮಾಡಿದವಳಂತೆ ಸೆರಗು ಹೊದ್ದು ಒಳಗೆ ಹೋಗಬೇಕು, ಇಷ್ಟು ವರ್ಷ ಹೀಗೇ ಹೋಗಿದ್ದಾಳೆ — ಉಡುಪಿಯ ಕಡೆಯಿಂದ ವರ್ಗವಾಗಿ ಬಂದ ರಘುನಂದನ್ ಸಾಹೇಬರು ಮೊದಲ ದಿನವೇ ಲಿಂಗರಾಜುವಿನ ಖಾಲಿ ಕುರ್ಚಿಗೆ ಒಂದು ಸುತ್ತು ಬಂದು, ಬಂದೆ ಅಂದ್ರಲ್ಲ ಮಾರಾಯ್ರೇ, ಎಲ್ಲಿದ್ದಾರೆ ಅವರು ಎಂದು ಹೆಲ್ಮೆಟ್ಟನ್ನು ಎತ್ತಿ ಅಡಿಯಲ್ಲಿ ನೋಡಿದಾಗ, ಅಬ್ಬಾ, ಕೊನೆಗೂ ಒಬ್ಬ ಮನುಷ್ಯ ಎನ್ನಿಸಿತ್ತು ಅವಳಿಗೆ, ನಾಲಿಗೆ ತಡೆಯಲಿಲ್ಲ, ಸಾರ್, ಈ ಕಡೆ ಬಂದೆ ಎಂದರೆ ಹೊರಡುವ ಯೋಚನೆ ಇದೆ ಎಂದರ್ಥ, ಇನ್ನು ಮೇಲೆ ಆ ಮಾತನ್ನು ಆಡಿದ ಹಾಗೆಯೇ ಹಿಡಿದುಬಿಡಿ, ಆಗ ಗೊತ್ತಾಗುತ್ತದೆ. ಸುತ್ತೋಲೆಯ ಕರಡನ್ನೂ ಅವಳ ಕೈಯಲ್ಲೇ ಬರೆಸಿದರು, ಬಂದೆನೆಂದು ಹೇಳಿದವರನ್ನು ಬಂದವರೆಂದೇ ಪರಿಗಣಿಸತಕ್ಕದ್ದು, ಮಾತಿಗೆ ಬೇರೆ ಅರ್ಥ ಕಲ್ಪಿಸತಕ್ಕದ್ದಲ್ಲ, ಆ ಹೊತ್ತಿಗೆ ಕುರ್ಚಿಯಲ್ಲಿಲ್ಲದವರ ಮೇಲೆ ಕ್ರಮ — ಎಂಥ ಅಂದವಾದ ಕಲ್ಲಿನಂಥ ವಾಕ್ಯಗಳು, ಗೋಡೆಗೆ ಅಂಟಿಸಿದ ದಿನ ಲಿಂಗರಾಜು ಓದಿ ತಲೆ ಕೆರೆದುಕೊಂಡಿದ್ದ, ಏನ್ ಮೇಡಮ್ಮೋರೇ, ಬಾಯ್ಗೂ ಬೀಗ ಜಡುದ್ಬುಟ್ರಲ್ಲ.

ಮುದ್ದೆ ಬಿಗಿಯುತ್ತಿದೆ, ಅತ್ತೆ ಎದ್ದ ಹಾಗಿದೆ, ಚಿಲಕ ಹುಡುಕುತ್ತಿದ್ದಾರೆ, ಚಿಕ್ಕಣ್ಣನೇ ಆದರೆ ಅಲ್ಲೇ ನಿಲ್ಲಲಿ, ಕಾಯಲಿ, ಕಾಯುವುದೆಂದರೇನೆಂದು ಅವನೂ ಒಂದಿಷ್ಟು ಕಲಿಯಲಿ, ಶುಕ್ರವಾರ ಅವಳು ಕಾದಿದ್ದಾಳಲ್ಲ, ಸಾಹೇಬರು ಬೆಳಕವಾಡಿಯ ಕಡೆಗೆ ತಪಾಸಣೆಗೆ ಹೋಗಿದ್ದ ಶುಕ್ರವಾರ, ಹೆಬ್ಬೆಟ್ಟೊತ್ತುವ ಹಾಜರಿ ಯಂತ್ರವೂ ಕೆಟ್ಟು ಮೂಲೆ ಸೇರಿತ್ತು, ಇನ್ನೇನು ಬೇಕು, ಕಾಫಿಗೆಂದು ಎದ್ದವರು ಒಬ್ಬರ ಹಿಂದೆ ಒಬ್ಬರು ಕಾಫಿಯನ್ನು ಹೊಟ್ಟೆಗೆ ಹಾಕಿಕೊಂಡು ನೆಟ್ಟಗೆ ಮನೆಗೇ ಹೋದರು, ಬಂದೆ ಮೇಡಂ ಬಂದೆ ಎನ್ನುತ್ತಲೇ ಹೋದರು, ಬಿಸಿಲು ಇಳಿಯುವ ಮೊದಲೇ ಕಚೇರಿಯಲ್ಲಿ ಉಳಿದವರು ಇಬ್ಬರು, ಅವಳು ಮತ್ತು ಹೆಲ್ಮೆಟ್ಟು, ಐದೂವರೆಯ ತನಕ ಅದು ಅವಳನ್ನೂ ಅವಳು ಅದನ್ನೂ ನೋಡುತ್ತ ಕೂತರು. ಸೋಮವಾರ ಬಂತು ನೋಟೀಸು, ಅವಳಿಗೆ! ಬೇರೆ ಯಾರಿಗೂ ಅಲ್ಲ — ಶುಕ್ರವಾರ ಮಧ್ಯಾಹ್ನ ದೂರವಾಣಿಯ ಮೂಲಕ ವಿಚಾರಿಸಲಾಗಿ, ತಾವು ಕಚೇರಿಯ ವೇಳೆಯಲ್ಲಿಯೇ ಮನೆಗೆ ಬಂದಿರುವುದಾಗಿ ತಿಳಿದುಬಂದಿರುತ್ತದೆ, ಮನೆಗೆ ಬಂದಿರುವುದಾಗಿಯಂತೆ, ಹೋಗಿರುವುದಾಗಿ ಎಂದು ನೆಟ್ಟಗೆ ಬರೆಯುವುದಕ್ಕೂ ಬಾರದೆ ಇವರಿಗೆ, ಅವಮಾನವನ್ನಾದರೂ ವ್ಯಾಕರಣಬದ್ಧವಾಗಿ ಮಾಡಬಾರದೆ — ಈ ನೋಟೀಸು ತೀರದೆ ಹೋದರೆ ಭಡ್ತಿಯ ಪಟ್ಟಿಯಿಂದ ಅವಳ ಹೆಸರು ಹೊರಗೆ, ಪಟ್ಟಿ ನಾಳೆಯೇ ಬೆಂಗಳೂರಿಗೆ ಹೋಗುತ್ತದೆ, ಅವಳ ಕೆಳಗಿನ ಹೆಸರು ಲಿಂಗರಾಜುವಿನದು, ಅಂದರೆ ಅಧೀಕ್ಷಕರ ಕುರ್ಚಿಯ ಮುಂದೆ, ದೇವರೇ, ಆ ಕೆಂಪು ಹೆಲ್ಮೆಟ್ಟು. ಅವನೇ ಹೇಳಿದ್ದಾನೆ, ಇನ್ಯಾರು ಹೇಳುತ್ತಾರೆ, ಲಾಭ ಅವನಿಗೇ ತಾನೆ, ಮುಖದ ಮೇಲೇ ಕೇಳಿದಳು, ನಮ್ಮಪ್ಪನಾಣೆ ನಾನಲ್ಲ ಕಣ್ ಮೇಡಮ್ಮೋರೇ, ಆ ಒತ್ನಲ್ಲಿ ನಾನೇ ಇರ್ನಿಲ್ಲ, ಇಲ್ದೋನು ನೀವಿಲ್ಲ ಅಂತ ಎಂಗೇಳ್ಳಿ, ಬೇಕಾದ್ರೆ ನೀವಿದ್ರಿ ಅಂತ ಬರ್ಕೊಡ್ತೀನಿ. ನೀವು ನೋಡಿದಿರಾ? ಇಲ್ಲ. ಮತ್ತೆ ಹೇಗೆ ಬರೆದುಕೊಡುತ್ತೀರಿ? ನಿಮ್ಗೋಸ್ಕರ ಒಂದ್ ಸುಳ್ಳೇಳಕ್ಕಾಗಲ್ವಾ ನಂಗೆ? — ಇದೇ, ಇದೇ, ಕೂತವಳೊಬ್ಬಳು, ಸಾಕ್ಷಿ ಹೇಳಬೇಕಾದವರೆಲ್ಲ ಎದ್ದು ಹೋದವರು, ಅವಳು ಇದ್ದಳೆಂದು ನಿಜ ಹೇಳಬೇಕಾದರೆ ಅವರು ತಾವೂ ಇದ್ದೆವೆಂದು ಸುಳ್ಳು ಹೇಳಬೇಕು, ಚಿಕ್ಕಣ್ಣನೂ ಬೀಗದಕೈ ಅವಳ ಕೈಗಿಟ್ಟು ನಾಲ್ಕಕ್ಕೇ ನಡೆದವನು, ಈ ಜನರ ನಡುವೆ ನೆಟ್ಟಗಿರುವುದಕ್ಕಿಂತ ಕಾಲು ಮುರಿದುಕೊಂಡು ಬೀಳುವುದು ಸುಲಭ.

ಬಾಗಿಲು ತೆಗೆದ ಸದ್ದು, ಚಿಕ್ಕಣ್ಣನಲ್ಲ, ಎದುರುಮನೆಯ ಮೀನಾಕ್ಷಮ್ಮನ ದನಿ, ಜಯಪ್ರಕಾಸ ಬಂದ್ನಾ ಕಣಕ್ಕ, ಅವರೆ ಬೀಜ ತತ್ತೀನಿ ಅಂದಿದ್ದ, ಅತ್ತೆಯ ಉತ್ತರ ತಕ್ಷಣ, ಬಂದ ಕಣಮ್ಮಿ, ಬಂದ, ಕೂತ್ಕೊ — ಬಂದನೇ, ಮಳವಳ್ಳಿಯಿಂದ ಇಷ್ಟು ಬೇಗ ಹೇಗೆ ಬಂದ, ಕುಸುಮ ಮುದ್ದೆಯ ಕೋಲು ಹಿಡಿದೇ ಬಾಗಿಲಿಗೆ ಬಂದು ನೋಡಿದರೆ ಗಂಡನೂ ಇಲ್ಲ, ಅವನ ಚಪ್ಪಲಿಯೂ ಇಲ್ಲ, ಮೀನಾಕ್ಷಮ್ಮ ಮಾತ್ರ ಗೋಡೆಗೊರಗಿ ಕಾಲು ಚಾಚಿ ಕಾಯಲು ಕೂತಾಗಿದೆ, ಅವಳಿಗೆ ಏನೂ ಅನುಮಾನವಿಲ್ಲ, ಬಂದ ಎಂದರೆ ಬಾರದವನು, ಬರುವವನು, ಈ ಬೀದಿಗೆಲ್ಲ ಗೊತ್ತಿರುವ ಅರ್ಥ, ಬಂದ — ಹೋದ ಅಲ್ಲ, ಬಂದ — ಕಚೇರಿಯಲ್ಲಿ ನಿಂತವರು ಹೇಳಿದ್ದರೆ ಮನೆಗೆ ಹೋದಳು ಎನ್ನುತ್ತಿದ್ದರು, ಮನೆಗೆ ಬಂದಳು ಎನ್ನಬೇಕಾದರೆ ಹೇಳಿದವರು ಮನೆಯೊಳಗಿರಬೇಕು, ಸಾಹೇಬರ ಕನ್ನಡ ನೆಟ್ಟಗೇ ಇತ್ತು, ಕೇಳಿಸಿಕೊಂಡದ್ದನ್ನು ಹಾಗೆಯೇ ಬರೆದಿದ್ದರು, ಶುಕ್ರವಾರ ಅವಳ ಫೋನು ಎಲ್ಲಿತ್ತು, ಕೈಚೀಲದಲ್ಲಿರಲಿಲ್ಲ, ರೈಲಿನಲ್ಲಿ ತಡಕಿದ್ದಳು, ಇಲ್ಲೇ, ನಡುಮನೆಯ ಚಾರ್ಜರಿಗೆ ನೇತುಬಿದ್ದಿತ್ತು. ಅತ್ತೆ, ಶುಕ್ರವಾರ ನನ್ನ ಫೋನು ಎತ್ತಿದ್ದಿರಾ? ಎತ್ದೆ ಕಣವ್ವ, ಒಂದೇ ಸಮ ಬಡ್ಕತ್ತಿತ್ತು, ಯಾರೋ ಮಾರಾಯ್ರೇ ಅಂದ, ಆ ಎಸ್ರಿನೋರು ಯಾರೂ ಇಲ್ಲ ಕಣಪ್ಪ ಅಂದೆ, ಕುಸುಮ ಮನೆಗೆ ಬಂದವ್ರಾ ಅಂದ, ಪಾಪ ಬೋ ಮರ್ವಾದಸ್ತ, ಬಂದ್ಲು ಕಣಪ್ಪ ಬಂದ್ಲು ಅಂದೆ, ತಪ್ಪೇನವ್ವ? ಮೀನಾಕ್ಷಮ್ಮ ಕತ್ತಲಲ್ಲೇ ತಲೆಯಾಡಿಸುತ್ತಾಳೆ, ಇದ್ರಲ್ಲೇನ್ ತಪ್ಪಕ್ಕ, ಇನ್ನೇನಂತಾರೆ ಮತ್ತೆ — ಒಲೆಯ ಮೇಲೆ ಸೀದ ವಾಸನೆ, ಹೋಗಲಿ, ಹಾಳೆ ಎಲ್ಲಿ, ಮೇಣದಬತ್ತಿ ಎಲ್ಲಿ, ಬರೆಯಲೇಬೇಕು, ಸ್ವಾಮಿ, ನಮ್ಮ ಕಡೆ ಬಂದಳು ಎಂದರೆ ಬಂದಳು ಎಂದಲ್ಲ ಎಂದು ಬರೆಯಬೇಕು, ಸುತ್ತೋಲೆ ಬರೆದ ಅದೇ ಕೈಯಿಂದ, ಮಾತಿಗೆ ಬೇರೆ ಅರ್ಥ ಇದೆಯೆಂದು ಬರೆಯಬೇಕು, ಬರೆದರೆ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ, ಬರೆದರೆ ನಾಳೆಯಿಂದ ಲಿಂಗರಾಜು ಈ ಹಾಳೆಯ ಪ್ರತಿ ಮಾಡಿಸಿ ಜೇಬಿನಲ್ಲಿಟ್ಟುಕೊಂಡು ಹನ್ನೊಂದಕ್ಕೆ ಬರುತ್ತಾನೆ, ನೀವೇ ಬರ್ದಿದ್ದೀರಲ್ಲ ಮೇಡಮ್ಮೋರೇ ಎನ್ನುತ್ತಾನೆ, ಅವಳು ಏನೂ ಹೇಳುವಂತಿಲ್ಲ, ಜೀವಮಾನವಿಡೀ ಏನೂ ಹೇಳುವಂತಿಲ್ಲ — ಪೆನ್ನು ಮಾತಿನ ಅರ್ಥವನ್ನೆಲ್ಲ ಬರೆದು ಮುಗಿಸಿತು, ಇನ್ನು ಹೇಳಿದವರ ಹೆಸರು, ಅಲ್ಲಿಗೆ ಬಂದು ನಿಂತಿತು, ಬಂದ್ಲು, ಬಂದ್ಲು, ಬಂದ್ಲು, ಮತ್ತೆ ಮಂಚ ಸೇರಿದ ಅತ್ತೆಯ ಆ ಬೊಚ್ಚುಬಾಯಿಯೊಂದನ್ನು ಬಿಟ್ಟು ಕಣ್ಣಿಗೆ ಬೇರೇನೂ ಕಾಣುತ್ತಿಲ್ಲ, ಏನವ್ವ ಬರೀತಿದೀ, ನನ್ನೆಸ್ರು ಬೇಕಾ, ಬರ್ಕೊ, ಎದ್ರಿಕೆ ಏನು.

ನಾನು ಮನೆಗೆ ಬಂದಿರುವುದಾಗಿ ತಮಗೆ ದೂರವಾಣಿಯಲ್ಲಿ ತಿಳಿಸಿದವರು ಶ್ರೀಮತಿ ಸಣ್ಣತಾಯಮ್ಮ, ನನ್ನ ಅತ್ತೆ.